ಹಳೆ ನುಡಿ ಫೈಲುಗಳನ್ನು ಹಿಡಿದು ಧಾರವಾಡದ ತರಬೇತಿಗೆ ಹೋದಾಗ

ಕಾಲೇಜು ಉಪನ್ಯಾಸಕರಿಗೆ, ಆಫೀಸಿನವರಿಗೆ ಕಂಪ್ಯೂಟರ್ ತರಬೇತಿ ಅನ್ನೋದು ನಮ್ಮ ಕಡೆ ಹೊಸದೇನಲ್ಲ. ವರ್ಷದಲ್ಲಿ ಒಂದಾದರೂ ಎಲ್ಲೋ ನಡೆದಿರುತ್ತದೆ. ಹೋಗುತ್ತೇವೆ, ದೊಡ್ಡ ಪರದೆಯ ಮೇಲೆ ಸ್ಲೈಡುಗಳು ಓಡುತ್ತವೆ, ಹೊಸ ಹೊಸ ಆ್ಯಪ್‌ಗಳ ಹೆಸರು ಬರೆದುಕೊಳ್ಳುತ್ತೇವೆ, ಸರ್ಟಿಫಿಕೇಟ್ ತಗೊಂಡು ವಾಪಸ್ ಬರುತ್ತೇವೆ. ಮರುದಿನ ಕಾಲೇಜಿಗೆ ಹೋಗಿ ಕೂತರೆ ಹಳೆ ಕೆಲಸ ಹಳೆ ರೀತಿಯಲ್ಲೇ ಶುರು. ಈ ಸಲ ಧಾರವಾಡದಲ್ಲಿ ಹಾಗಾಗಲಿಲ್ಲ. ಯಾಕೆ ಆಗಲಿಲ್ಲ ಅಂತ ಬರೆದಿಡಬೇಕು ಅನ್ನಿಸಿತು. ಇಂಥ ತರಬೇತಿ ನಡೆಸುವವರಿಗೂ ಹೋಗುವವರಿಗೂ ಉಪಯೋಗ ಆದೀತು.

ನಾನು ಹಾವೇರಿ ಜಿಲ್ಲೆಯ ಒಂದು ತಾಲೂಕು ಊರಿನ ಪ್ರಥಮ ದರ್ಜೆ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿ. ಬಿಎ, ಬಿಕಾಂ ಮಕ್ಕಳಿಗೆ ಪಾಠ. ಮಕ್ಕಳು ಸುತ್ತಮುತ್ತಲ ಹಳ್ಳಿಗಳಿಂದ ಬಸ್ಸಿಗೆ ಬರುತ್ತಾರೆ. ಮನೆಯಲ್ಲಿ ಕಂಪ್ಯೂಟರ್ ಇರುವವರು ತೀರಾ ಕಡಿಮೆ, ಫೋನ್ ಮಾತ್ರ ಹೆಚ್ಚುಕಡಿಮೆ ಎಲ್ಲರ ಹತ್ತಿರ ಇದೆ. ನನ್ನ ಬಳಿ ಇಷ್ಟು ವರ್ಷಗಳಲ್ಲಿ 'ನುಡಿ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ನೋಟ್ಸ್ ರಾಶಿ ಇತ್ತು. ಹಳಗನ್ನಡ ಪದ್ಯಗಳ ಅರ್ಥ, ಪ್ರಶ್ನೆಪತ್ರಿಕೆ, ಭಾಷಾ ಚಟುವಟಿಕೆ, ಎಲ್ಲಾ. ಅದನ್ನು ಮಕ್ಕಳ ಫೋನಿಗೆ ಕಳಿಸಿದರೆ "ಮೇಡಂ, ಏನೇನೋ ಗೀಚಿದಂಗ ಕಾಣಾಕತ್ತೇತ್ರಿ" ಅಂತ ತಿರುಗಿ ಮೆಸೇಜ್. ಪ್ರಿಂಟ್ ಹಾಕಿಸಿ, ಜೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರತಿ ಇಡೋದೇ ದಾರಿ ಆಗಿತ್ತು. ದುಡ್ಡು ಮಕ್ಕಳದು ಹೋಗುತ್ತಿತ್ತು.

ತರಬೇತಿಯ ಪತ್ರ ಬಂದಾಗ ಅದರಲ್ಲಿ ಎರಡು ಸಾಲು ಬೇರೆ ಥರ ಇದ್ದವು. ಒಂದು, ನೀವು ದಿನಾ ಬಳಸುವ ಫೈಲುಗಳನ್ನೇ ಪೆನ್‌ಡ್ರೈವ್‌ನಲ್ಲಿ ತನ್ನಿ, ಹೊಸದಾಗಿ ಏನೂ ತಯಾರು ಮಾಡಬೇಡಿ. ಇನ್ನೊಂದು, ಪ್ರತಿ ಕಾಲೇಜಿನಿಂದ ಒಬ್ಬ ಉಪನ್ಯಾಸಕರ ಜೊತೆ ಆಫೀಸಿನ ಒಬ್ಬರು ಬರಲೇಬೇಕು. ಈ ಎರಡನೇ ಸಾಲು ನೋಡಿ ನಮ್ಮ ಆಫೀಸಿನ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ) ಮೇಡಂ ಹಿಂದೇಟು ಹಾಕಿದರು. "ನಾ ಏನ್ ಮಾಡ್ಲಿ ಬಂದು? ಅಡ್ಮಿಷನ್ ನಡ್ದಾವು, ಕೌಂಟರ್ ಯಾರು ನೋಡ್ತಾರ? ಲೆಕ್ಚರರ್ಸ್ ಹೋಗ್ರಿ ನೀವು" ಅಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ತರಬೇತಿ ಅಂದರೆ ಪಾಠ ಮಾಡುವವರಿಗೆ, ಆಫೀಸಿನವರಿಗೆ ಪಾಸ್‌ವರ್ಡ್ ಕೊಟ್ಟು 'ಎಂಟ್ರಿ ಮಾಡ್ರಿ' ಅನ್ನೋದು, ಇದೇ ಇಷ್ಟು ದಿನ ನಡೆದುಕೊಂಡು ಬಂದದ್ದು. ಪ್ರಿನ್ಸಿಪಾಲ್ ಸರ್ ಎಸ್‌ಡಿಎಗೆ (ದ್ವಿತೀಯ ದರ್ಜೆ ಸಹಾಯಕರಿಗೆ) ಕೌಂಟರ್ ಒಪ್ಪಿಸಿ ಇಬ್ಬರಿಗೂ ಓಓಡಿ, ಅಂದರೆ ಹೊರಗಿನ ಕೆಲಸದ ಅನುಮತಿ, ಬರೆದುಕೊಟ್ಟರು. ನಮ್ಮ ಜೊತೆ ಒಬ್ಬ ಅತಿಥಿ ಉಪನ್ಯಾಸಕರೂ ಹೊರಟರು. ಪತ್ರದಲ್ಲಿ ಅವರಿಗೆ ಜಾಗ ಇರಲಿಲ್ಲ, ಟಿಎ ಡಿಎ ಅಂತೂ ಇಲ್ಲವೇ ಇಲ್ಲ. ಸ್ವಂತ ಖರ್ಚಿನಲ್ಲಿ ಬಂದರು. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ಬೆಳಿಗ್ಗೆ ಬಸ್ಸಿಗೆ ಹುಬ್ಬಳ್ಳಿ, ಅಲ್ಲಿಂದ ಚಿಗರಿ ಬಸ್ಸು ಹತ್ತಿ ಧಾರವಾಡ. ಉಣಕಲ್, ನವನಗರ ದಾಟುವಷ್ಟರಲ್ಲಿ ಮೇಡಂ ಫೋನ್ ನಿಲ್ಲದೆ ಬಡಿದುಕೊಳ್ಳುತ್ತಿತ್ತು, ಎಸ್‌ಡಿಎಗೆ ಯಾವ ಫೈಲ್ ಎಲ್ಲಿದೆ ಅಂತ ಹೇಳಿ ಹೇಳಿ ಸಾಕಾಗಿತ್ತು ಅವರಿಗೆ. ಧಾರವಾಡಕ್ಕೆ ಐಐಟಿ, ಐಐಐಟಿ ಬಂದು ವರ್ಷಗಳೇ ಆದವು. ಅದೇ ಧಾರವಾಡದಿಂದ ಎರಡು ತಾಸು ದೂರದ ನಮ್ಮಂಥ ಕಾಲೇಜಿನಲ್ಲಿ ಒಂದು ಕನ್ನಡ ಫೈಲು ಮಕ್ಕಳ ಫೋನಿನಲ್ಲಿ ತೆರೆಯುತ್ತಿರಲಿಲ್ಲ. ಈ ಅಂತರ ನನಗೆ ಬಹಳ ದಿನದಿಂದ ಕಾಡುತ್ತಿತ್ತು.

ಲ್ಯಾಬಿನಲ್ಲಿ ಹೇಳಿಕೊಡಲು ಬಂದವರು ತರಬೇತಿ ನಡೆದ ಕಾಲೇಜಿನದೇ ಕಂಪ್ಯೂಟರ್ ಸೈನ್ಸ್ ಉಪನ್ಯಾಸಕರು. ಬೆಂಗಳೂರಿನಿಂದ ಕರೆಸಿದ ಕಂಪನಿ ಜನ ಅಲ್ಲ. ಧಾರವಾಡ ಕನ್ನಡದಲ್ಲೇ ಮಾತು. "ಮೊದ್ಲು ನಿಮ್ಮ ಫೈಲ್ ಒಂದು ತಗೀರಿ. ಈ ಕಂಪ್ಯೂಟರಿನ್ಯಾಗ ನುಡಿ ಹಾಕಿಲ್ರಿ, ಬೇಕಂತಲೇ ಹಾಕಿಲ್ಲ" ಅಂದರು. ಎಲ್ಲರೂ ತೆಗೆದೆವು. ಇಡೀ ಲ್ಯಾಬಿನ ಪರದೆಗಳ ಮೇಲೆ ಒಂದು ಅಕ್ಷರ ಕನ್ನಡ ಇಲ್ಲ. ನನ್ನ ಫೈಲಿನ ತಲೆಬರಹದಲ್ಲಿ 'ಕನ್ನಡ' ಅಂತ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಪಿ, ಆಮೇಲೆ ನೆತ್ತಿಯ ಮೇಲೆ ಗೀರು ಇರುವ ಎ, ಆಮೇಲೆ ಪೌಂಡ್ ಗುರುತು, ಮತ್ತೆ ಗೀರು ಎ. ಮಕ್ಕಳು ಫೋನಿನಲ್ಲಿ ನೋಡುತ್ತಿದ್ದದ್ದು ಇದನ್ನೇ.

ಕಾರಣ ಅವರು ಬಿಡಿಸಿ ಹೇಳಿದರು, ಇಷ್ಟು ವರ್ಷ ಬಳಸಿದರೂ ನನಗೆ ಯಾರೂ ಹೀಗೆ ಹೇಳಿರಲಿಲ್ಲ. ಹಳೆ ನುಡಿ ಫಾಂಟುಗಳಲ್ಲಿ ಟೈಪ್ ಮಾಡಿದಾಗ ಫೈಲಿನೊಳಗೆ ಉಳಿಯೋದು ಕನ್ನಡ ಅಕ್ಷರ ಅಲ್ಲ, ಇಂಗ್ಲಿಷ್ ಅಕ್ಷರದ ಸಂಖ್ಯೆಗಳು. ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ಅಂಗಿ ತೊಡಿಸಿದ ಹಾಗೆ. ಅಂಗಿ, ಅಂದರೆ ಫಾಂಟು, ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ, ಇಲ್ಲದ ಕಡೆ ಇಲ್ಲ. ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. 'ಕ' ಅಂದರೆ 3221, ಅದು ಜಗತ್ತಿನ ಯಾವ ಫೋನಿಗೆ ಹೋದರೂ 'ಕ'ನೇ. ಕನ್ನಡಕ್ಕೆ ಅಲ್ಲಿ 128 ಸ್ಥಾನ ಮೀಸಲಿದೆ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಅಷ್ಟು ಹಿಂದಿನಿಂದ ಇದ್ದದ್ದು ನಮ್ಮ ಸ್ಟಾಫ್ ರೂಮಿಗೆ ಬರಲು ಇಷ್ಟು ವರ್ಷ ಬೇಕಾಯಿತು. ಈಗಿನ ನುಡಿಯಲ್ಲೂ ಯೂನಿಕೋಡ್ ಆಯ್ಕೆ ಇದೆ. ಹಳೆ ಫೈಲಿನ ಮೇಲೇ ತಿದ್ದುತ್ತಾ ಹೋಗುವ ರೂಢಿಯಿಂದ ನಾವು ಅದರ ಕಡೆ ನೋಡೇ ಇರಲಿಲ್ಲ.

ಇದಿಷ್ಟೇ ಆಗಿದ್ದರೆ ಒಳ್ಳೆ ಪಾಠ ಅಂತ ಬರೆದುಕೊಂಡು ಸುಮ್ಮನಾಗುತ್ತಿದ್ದೆವೋ ಏನೋ. ನಮ್ಮ ನಡುವೆ ಗದಗ ಕಡೆಯ ಒಬ್ಬ ಇತಿಹಾಸ ಉಪನ್ಯಾಸಕರಿದ್ದರು. ಅವರಿಗೆ ಕಣ್ಣು ಕಾಣುವುದಿಲ್ಲ. ತಮ್ಮದೇ ಲ್ಯಾಪ್‌ಟಾಪ್ ತಂದಿದ್ದರು, ಅದರಲ್ಲಿ ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್. ಪರದೆಯಲ್ಲಿ ಇರೋದನ್ನು ಓದಿ ಹೇಳುವ ತಂತ್ರಾಂಶ ಅದು, ಪೂರ್ತಿ ಉಚಿತ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಅದನ್ನು ಶುರು ಮಾಡಿದವರೂ ಕಣ್ಣು ಕಾಣದವರೇ. ಆ ಇತಿಹಾಸದ ಸರ್ ನನ್ನ ಕಡೆ ತಿರುಗಿ "ಮೇಡಂ, ನಿಮ್ಮ ನೋಟ್ಸಿನ ಫೈಲ್ ಒಂದು ಕೊಡ್ರಿ" ಅಂದರು. ಕೊಟ್ಟೆ. ಹೆಡ್‌ಫೋನ್ ತೆಗೆದು ಸ್ಪೀಕರಿಗೆ ಹಾಕಿದರು. ಮೊದಲು ಒಂದು ಅರ್ಥವಿಲ್ಲದ ಶಬ್ದ ಬಂತು. ಆಮೇಲೆ ಒಂದೊಂದೇ ಅಕ್ಷರ ಓದಿಸಿದರು. "ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್…" ಅಂತ ಯಂತ್ರದ ದನಿಯಲ್ಲಿ ಇಡೀ ಸಾಲು. "ನನಗ ಎಲ್ಲಾರೂ ಪ್ರೀತಿಯಿಂದ ನೋಟ್ಸ್ ಕಳಸ್ತಾರ್ರಿ. ಎಲ್ಲಾ ಹಿಂಗ ಕೇಳಸ್ತಾವ" ಅಂದರು.

ಆಮೇಲೆ ಹೇಳಿಕೊಡುವ ಸರ್ ಅದೇ ಪುಟವನ್ನು ಯೂನಿಕೋಡಿಗೆ ಬದಲಿಸಿ ಅವರ ಲ್ಯಾಪ್‌ಟಾಪಿಗೆ ಹಾಕಿದರು. ಅದೇ ಯಂತ್ರ, ಈಗ ಕನ್ನಡದಲ್ಲಿ ಓದಿತು. ಉಚ್ಚಾರ ಗಟ್ಟಿ, ಒಂದು ಥರ ಏಕತಾನ, ಆದರೆ ಪದ ಪದ ತಿಳಿಯುತ್ತಿತ್ತು. ನಾನು ಬರೆದ ಟಿಪ್ಪಣಿಯನ್ನು ಅವರು ಮೊದಲ ಸಲಕ್ಕೇ ಓದಿ ಮುಗಿಸಿ, ಎರಡನೇ ಪ್ಯಾರಾದಲ್ಲಿ ಒಂದು ಶಾಸನದ ಬಗ್ಗೆ ನನ್ನನ್ನು ಪ್ರಶ್ನೆ ಕೇಳಿದರು. ನಮ್ಮ ಕಾಲೇಜಿನಲ್ಲೂ ಬಿಎ ಓದುವ ಒಬ್ಬ ಹುಡುಗನಿಗೆ ಕಣ್ಣು ಕಾಣದು. ಗೆಳೆಯರು ಓದಿ ಹೇಳಿ, ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಓದುತ್ತಾನೆ. ಅವನ ವಿಷಯ ಅಲ್ಲೇ ನೆನಪಾಯಿತು. ಹಳೆ ಫೈಲು ಬದಲಿಸೋದು ಪುರುಸೊತ್ತು ಇದ್ದಾಗ ಮಾಡುವ ಕೆಲಸ ಅಂತ ಅಲ್ಲಿಯ ತನಕ ಅಂದುಕೊಂಡವರು ಯಾರೂ ಆಮೇಲೆ ಹಾಗೆ ಅನ್ನಲಿಲ್ಲ.

ಬದಲಿಸುವ ಕೆಲಸ ಒಂದು ಬಟನ್ ಒತ್ತಿದರೆ ಮುಗಿಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪರಿವರ್ತಕ ತಂತ್ರಾಂಶಗಳು ಇವೆ, ಬಹಳಷ್ಟು ಸರಿಯಾಗಿಯೇ ಮಾಡುತ್ತವೆ. ಆದರೆ ಅದಕ್ಕೆ ಫೈಲಿನಲ್ಲಿ ಯಾವುದು ಕನ್ನಡ, ಯಾವುದು ನಿಜವಾದ ಇಂಗ್ಲಿಷ್ ಅಂತ ಗೊತ್ತಾಗೋದಿಲ್ಲ, ಯಾಕಂದ್ರೆ ಎರಡೂ ಒಳಗೆ ಇಂಗ್ಲಿಷ್ ಅಕ್ಷರಗಳೇ. ನನ್ನ ಪ್ರಶ್ನೆಪತ್ರಿಕೆಯ ಮೇಲಿನ ಸೆಮಿಸ್ಟರ್, ಕೋಡ್, ಅಂಕಗಳ ಸಾಲು ಇಂಗ್ಲಿಷಿನಲ್ಲಿತ್ತು, ಅದನ್ನೂ ಹಿಡಿದು ಕನ್ನಡದ ಕಾಗುಣಿತ ಮಾಡಿಬಿಟ್ಟಿತು. ಇಂಗ್ಲಿಷ್ ಭಾಗ ಮೊದಲೇ ತೆಗೆದು ಬೇರೆ ಇಟ್ಟು, ಕನ್ನಡ ಮಾತ್ರ ಹಾಕಬೇಕು. ಟೇಬಲ್‌ಗಳು ಒಡೆದು ಹೋಗುತ್ತವೆ, ಒಂದೊಂದು ಮನೆ ಬೇರೆ ಬೇರೆ ಹಾಕಬೇಕಾಗುತ್ತದೆ. ಇನ್ನೊಂದು ಮುಖ್ಯ ವಿಷಯ. ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಫೈಲುಗಳು ಹೆಚ್ಚಾಗಿ ಶ್ರೀಲಿಪಿಯಲ್ಲೋ ಬೇರೆ ಯಾವುದರಲ್ಲೋ ಇರುತ್ತವೆ. ಅದರ ಒಳಗಿನ ಲೆಕ್ಕವೇ ಬೇರೆ. ನುಡಿಯ ಪರಿವರ್ತಕಕ್ಕೆ ಶ್ರೀಲಿಪಿ ಫೈಲ್ ಹಾಕಿದರೆ ಕನ್ನಡ ಅಕ್ಷರಗಳೇ ಬರುತ್ತವೆ, ಆದರೆ ಒಂದು ಪದಕ್ಕೂ ಅರ್ಥ ಇರೋದಿಲ್ಲ. ಹಾಗಾಗಿ ಮೊದಲು ಆ ಫೈಲಿನಲ್ಲಿ ಯಾವ ಫಾಂಟು ಇದೆ ನೋಡಿ. ಅದು ಗೊತ್ತಾಗದೆ ಮುಂದೆ ಹೋಗಬೇಡಿ.

ಟೈಪ್ ಮಾಡುವ ಬಗ್ಗೆ ಎಲ್ಲರಿಗೂ ಅಂಜಿಕೆ ಇತ್ತು. ಅದರಲ್ಲೂ ಆಫೀಸಿನವರಿಗೆ. ಬೆರಳಿಗೆ ಕೂತ ರೂಢಿ ಬಿಡಬೇಕಾಗುತ್ತದೆಯೋ ಅಂತ. ಬಿಡಬೇಕಾಗಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ನುಡಿಯ ಆಧಾರ, ಯೂನಿಕೋಡಿನಲ್ಲೂ ಅದೇ ನಡೆಯುತ್ತದೆ. ಒತ್ತಕ್ಷರಕ್ಕೆ ಎಫ್ ಒತ್ತಿ ಮುಂದಿನ ಅಕ್ಷರ, ಅದೂ ಹಾಗೇ. ನಮ್ಮ ಎಫ್‌ಡಿಎ ಮೇಡಂ ಒಂದು ಅರ್ಜಿ ಪೂರ್ತಿ ಹೊಡೆದು ನೋಡಿ "ಇಷ್ಟೇನಾ? ಇದನ್ನ ಮೊದ್ಲ ಹೇಳಬೇಕಿಲ್ರಿ!" ಅಂದರು. ಗದ್ದಲ ಎಬ್ಬಿಸಿದ್ದು ಒಂದು ಸಣ್ಣ ಅಕ್ಷರ. 'ರ‍್ಯಾಂಕ್' ಅಂತ ಬರೆಯಲು ಹೋದರೆ ರ ಮೇಲೆ ನಿಲ್ಲದೆ ಅರ್ಕಾವತ್ತಾಗಿ 'ರ್ಯಾಂಕ್' ಅಂತ ಬರುತ್ತದೆ. ಫಲಿತಾಂಶದ ಬೋರ್ಡು ಬರೆಯುವವರಿಗೆಲ್ಲ ಇದೇ ತಲೆನೋವು. ರ ಆದಮೇಲೆ, ಒತ್ತಿಗೆ ಮೊದಲು, ಕಣ್ಣಿಗೆ ಕಾಣದ ಒಂದು ಜೋಡಿಸುವ ಚಿಹ್ನೆ ಹಾಕಬೇಕು, ಆಗ ಸರಿ ನಿಲ್ಲುತ್ತದೆ. ಇದೇ ಒಂದು ವಿಷಯಕ್ಕೆ ಅರ್ಧ ಗಂಟೆ ಹೋಯಿತು, ಆ ಅರ್ಧ ಗಂಟೆ ಸಾರ್ಥಕ ಅಂತ ನನ್ನ ಅಭಿಪ್ರಾಯ. ಕನ್ನಡ ಕಲಿಸುವ ಕಾಲೇಜಿನ ಬೋರ್ಡಿನಲ್ಲಿ ಕನ್ನಡ ತಪ್ಪಿರಬಾರದು.

ಮಧ್ಯಾಹ್ನದ ಮೇಲೆ ಆಫೀಸಿನ ಕೆಲಸ. ಇಲ್ಲಿ ನಾವು ಉಪನ್ಯಾಸಕರು ಹಿಂದಿನ ಸಾಲಿಗೆ ಹೋದೆವು, ಆಫೀಸಿನವರು ಮುಂದೆ ಕೂತರು. ಎಕ್ಸೆಲ್ ಎಲ್ಲರೂ ಬಳಸುತ್ತೇವೆ, ಆದರೆ ಅದು ನಮ್ಮ ಬೆನ್ನ ಹಿಂದೆ ಏನು ಮಾಡುತ್ತದೆ ಅಂತ ಗಮನಿಸಿರೋದಿಲ್ಲ. ಒಬ್ಬ ಸೂಪರಿಂಟೆಂಡೆಂಟ್ ಸರ್ ತಮ್ಮ ಕಾಲೇಜಿನಲ್ಲಿ ಆದದ್ದು ಹೇಳಿದರು. ದಾನಿಯೊಬ್ಬರು ಬಡ ಮಕ್ಕಳಿಗೆ ಅಂತ ಕೊಟ್ಟ ಹಣ ಖಾತೆಗೆ ಹಾಕಲು ಪಟ್ಟಿ ಮಾಡಿದರು, ಕೆಲವು ಮಕ್ಕಳ ಹಣ ತಿರುಗಿ ಬಂತು. ಪಾಸ್‌ಬುಕ್ಕಿನಲ್ಲಿ ಖಾತೆ ಸಂಖ್ಯೆ ಸರಿ ಇದೆ, ಟೈಪ್ ಮಾಡುವಾಗಲೂ ಸರಿ ಹೊಡೆದಿದ್ದಾರೆ. ಮತ್ತೆ ತಪ್ಪಿದ್ದೆಲ್ಲಿ? ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ಸರಿಯಾಗಿ ನೆನಪಿಡುತ್ತದೆ. 16 ಅಂಕಿಯ ಖಾತೆ ಸಂಖ್ಯೆ ಹಾಕಿದರೆ ಕೊನೆಯದನ್ನು ಸೊನ್ನೆ ಮಾಡಿಬಿಡುತ್ತದೆ. ಮುಂದೆ ಸೊನ್ನೆಯಿಂದ ಶುರುವಾಗುವ ಸಂಖ್ಯೆ ಇದ್ದರೆ ಆ ಸೊನ್ನೆಗಳೇ ಮಾಯ. ಆಧಾರ್‌ನ 12 ಅಂಕಿ ಹಾಕಿದರೆ ನಡುವೆ ಇ ಅಕ್ಷರ ಬಂದು ಏನೋ ಒಂದು ಗಣಿತದ ರೂಪದಲ್ಲಿ ತೋರಿಸುತ್ತದೆ. ಪರಿಹಾರ ಸುಲಭ. ಸಂಖ್ಯೆ ಹಾಕುವ ಮೊದಲೇ ಆ ಕಾಲಮ್ಮನ್ನು ಟೆಕ್ಸ್ಟ್ ಅಂತ ಬದಲಿಸಿಕೊಳ್ಳಬೇಕು. ಹಾಕಿದ ಮೇಲೆ ಬದಲಿಸಿದರೆ ಹೋದ ಅಂಕಿ ತಿರುಗಿ ಬರೋದಿಲ್ಲ. ಲ್ಯಾಬಿನಲ್ಲಿ ಇದನ್ನು ಎಲ್ಲರೂ ತಮ್ಮ ತಮ್ಮ ಪಟ್ಟಿ ತೆಗೆದು ನೋಡಿಕೊಂಡರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ, ಎಲ್ಲರೂ ಪಾಸ್‌ಬುಕ್ಕಿನ ಫೋಟೊಗಳ ಜೊತೆ ಹೋಲಿಸುತ್ತಿದ್ದರು.

ಮೇಲ್ ಮರ್ಜ್ ಅಲ್ಲಿಯೇ ಕಲಿತದ್ದು. ಜೂನ್ ಜುಲೈ ಬಂತೆಂದರೆ ವ್ಯಾಸಂಗ ಪ್ರಮಾಣಪತ್ರಕ್ಕೆ ಆಫೀಸಿನ ಕಿಟಕಿಯ ಮುಂದೆ ಸಾಲು. ಬಸ್ ಪಾಸಿಗೆ, ಹಾಸ್ಟೆಲ್ಲಿಗೆ, ಸ್ಕಾಲರ್‌ಶಿಪ್ಪಿಗೆ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದಮೇಲೆ ಬಸ್ ಪಾಸಿಗೆ ಹುಡುಗಿಯರ ಸಾಲು ಕಡಿಮೆ ಆಗಿದೆ, ಉಳಿದದ್ದು ಹಾಗೇ ಇದೆ. ಒಂದೊಂದಕ್ಕೂ ಹೆಸರು, ತಂದೆ ಹೆಸರು, ತರಗತಿ ಬದಲಿಸಿ ಬದಲಿಸಿ ಪ್ರಿಂಟ್ ಕೊಡೋದು ನಮ್ಮ ಮೇಡಂ ಕೆಲಸ. ಎಕ್ಸೆಲ್‌ನಲ್ಲಿ ಮಕ್ಕಳ ಪಟ್ಟಿ, ವರ್ಡ್‌ನಲ್ಲಿ ಪ್ರಮಾಣಪತ್ರದ ನಮೂನೆ, ಎರಡನ್ನೂ ಜೋಡಿಸಿದರೆ ಇಡೀ ತರಗತಿಯ ಪತ್ರ ಒಮ್ಮೆಗೇ ತಯಾರು. ಅವರು ಇದನ್ನು ಕಲಿತು, ಪಕ್ಕದಲ್ಲಿದ್ದ ನನಗೂ ಅತಿಥಿ ಉಪನ್ಯಾಸಕರಿಗೂ ಹೇಳಿಕೊಟ್ಟರು. ಹೇಳಿಕೊಡುವ ಸರ್ ಪಾಠದಲ್ಲಿ ಮುಂದೆ ಹೋಗಿಬಿಟ್ಟಿದ್ದರು, ನಾವು ಹಿಂದೆ ಉಳಿದಿದ್ದೆವು. "ಇಲ್ನೋಡ್ರಿ ಮೇಡಂ, ಈ ಕಾಲಮ್ಮಿನ ಹೆಸರು ಇಲ್ಲಿ ಕೂಡಸ್ಬೇಕು" ಅಂತ ಬೆರಳಿಟ್ಟು ತೋರಿಸಿದರು. ಪತ್ರ ಬಂದಾಗ 'ನಾ ಏನ್ ಮಾಡ್ಲಿ ಬಂದು' ಅಂದವರು ತರಬೇತಿಯ ಸಂಜೆಯ ಹೊತ್ತಿಗೆ ಆ ಸಾಲಿನ ನಾಲ್ಕಾರು ಜನರಿಗೆ ಕಲಿಸುತ್ತಿದ್ದರು.

ಉಪನ್ಯಾಸಕರೂ ಆಫೀಸಿನವರೂ ಒಟ್ಟಿಗೆ ಕೂತದ್ದರ ನಿಜವಾದ ಲಾಭ ಇನ್ನೊಂದು ವಿಷಯದಲ್ಲಿ ಗೊತ್ತಾಯಿತು. ಮಕ್ಕಳ ಹೆಸರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಒಂದರಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ನಮ್ಮ ಭಾಗದಲ್ಲಿ ಅಡ್ಡಹೆಸರು ಇಲ್ಲದ ಮನೆ ಇಲ್ಲ, ಅಲ್ವಾ. ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್ ಬಂದಮೇಲೆ ಪ್ರವೇಶದಿಂದ ಪರೀಕ್ಷೆ ಅರ್ಜಿ, ಇಂಟರ್ನಲ್ ಮಾರ್ಕ್ಸ್ ತನಕ ಆನ್‌ಲೈನ್. ಮಕ್ಕಳು ಗಳಿಸಿದ ಕ್ರೆಡಿಟ್ ಜಮಾ ಇಡಲು 2021ರಲ್ಲಿ ಶುರುವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಐಡಿಯನ್ನು ಡಿಜಿಲಾಕರ್ ಮೂಲಕ ಮಾಡಿಕೊಳ್ಳಬೇಕು, ಅಲ್ಲಿ ಆಧಾರ್ ಹೆಸರು ಬರುತ್ತದೆ. ಸ್ಕಾಲರ್‌ಶಿಪ್ ನೇರ ಆಧಾರ್ ಜೋಡಿಸಿದ ಖಾತೆಗೆ. ಹೆಸರು ಒಂದು ಕಡೆ ಕೂಡದಿದ್ದರೆ ಮುಂದಿನದೆಲ್ಲಾ ಸಿಕ್ಕಿಹಾಕಿಕೊಳ್ಳುತ್ತದೆ. ಇದು ಆಫೀಸಿನವರ ತಲೆನೋವು ಅಂತ ನಾವು ಉಪನ್ಯಾಸಕರು ದೂರ ಇದ್ದೆವು. ತರಗತಿಯಲ್ಲಿ ಮಕ್ಕಳ ಮುಖ ನೋಡುವವರು ನಾವು. ಮೊದಲ ವಾರದಲ್ಲೇ ಎರಡೂ ಕಾರ್ಡು ತರಿಸಿ ಹೆಸರು ಹೋಲಿಸಿದರೆ ಆಧಾರ್ ತಿದ್ದಿಸಲು ಸಮಯ ಸಿಗುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಗೊತ್ತಾದರೆ ಆ ಮಗು ದಿನಗೂಲಿ ಬಿಟ್ಟ ಅಪ್ಪನನ್ನು ಕರೆದುಕೊಂಡು ಓಡಾಡಬೇಕು. ಈ ಮಾತು ನಮ್ಮ ಮೇಡಂ ಎಲ್ಲರ ಮುಂದೆ ಎದ್ದು ನಿಂತು ಹೇಳಿದರು. ಇಡೀ ತರಬೇತಿಯಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ ಮಾತು ಅದು, ಮತ್ತು ಅದು ಯಾವ ಸ್ಲೈಡಿನಲ್ಲೂ ಇರಲಿಲ್ಲ.

ಆನ್‌ಲೈನ್ ಪಾಠದ ಭಾಗ ಬೇಗ ಹೇಳಿಬಿಡುತ್ತೇನೆ. ಗೂಗಲ್ ಕ್ಲಾಸ್‌ರೂಮ್, ಮೂಡಲ್ ಎರಡೂ ತೋರಿಸಿದರು. ಮೂಡಲ್ 2002ರಲ್ಲಿ ಬಂದ ಮುಕ್ತ ತಂತ್ರಾಂಶ, ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ಹಾಕಿಕೊಳ್ಳಬಹುದು. ಅದರಲ್ಲಿ ಪ್ರಶ್ನೆಗಳ ಸಂಗ್ರಹ ಮಾಡಿಟ್ಟುಕೊಂಡರೆ ಪ್ರತಿ ವರ್ಷ ಬಳಸಬಹುದು, ಅದು ನಿಜಕ್ಕೂ ಒಳ್ಳೆಯದು. ಆದರೆ ಸರ್ವರ್ ನೋಡಿಕೊಳ್ಳಲು ಒಬ್ಬ ಮನುಷ್ಯ ಬೇಕು. ನಮ್ಮಂಥ ಕಾಲೇಜಿನಲ್ಲಿ ಅಂಥವರಿಲ್ಲ. ಅದಕ್ಕೆ ಕ್ಲಾಸ್‌ರೂಮ್ ಸಾಕು ಅಂತ ನನಗೆ ಅನ್ನಿಸಿತು. ಅಲ್ಲಿ ನಾನು ಒತ್ತಾಯ ಮಾಡಿ ಕೇಳಿದ್ದು ಒಂದೇ. ದಯವಿಟ್ಟು ಎಲ್ಲವನ್ನೂ ಫೋನಿನಲ್ಲಿ ತೆಗೆದು ತೋರಿಸಿ. ದೊಡ್ಡ ಪರದೆಯಲ್ಲಿ ಚಂದ ಕಾಣುವ ಎ4 ಪಿಡಿಎಫ್ ಫೋನಿನಲ್ಲಿ ಇರುವೆ ಸಾಲಿನಷ್ಟು ಸಣ್ಣ. ಮಕ್ಕಳು ಆ ಕಡೆ ಈ ಕಡೆ ಸರಿಸಿ ಸರಿಸಿ ಬೇಸತ್ತು ಬಿಡುತ್ತಾರೆ. ಸರ್ ಒಪ್ಪಿದರು. ಲ್ಯಾಪ್‌ಟಾಪ್ ಮುಚ್ಚಿಸಿ, ಎಲ್ಲರ ಫೋನಿಗೂ ಅವರವರ ನೋಟ್ಸ್ ಕಳಿಸಿ ಓದಿಸಿದರು. ದೊಡ್ಡ ಅಕ್ಷರ, ಒಂದೇ ಕಾಲಮ್, ಸಣ್ಣ ಪುಟ, ಹೀಗೆ ಮಾಡಿದರೆ ಸಾಕು ಅಂತ ಅಲ್ಲೇ ತೀರ್ಮಾನ ಆಯಿತು. ಮುಕ್ಕಾಲು ಗಂಟೆಯ ವಿಡಿಯೊ ಹಾಕುವ ಬದಲು ಸಣ್ಣ ಆಡಿಯೊ ಕಳಿಸಿ ಅಂದದ್ದೂ ನನಗೆ ಹಿಡಿಸಿತು. ಮಕ್ಕಳ ಡೇಟಾ ಉಳಿಯುತ್ತದೆ, ಮನೆಗೆ ಹೋಗುವ ಬಸ್ಸಿನಲ್ಲಿ ಕೇಳಬಹುದು.

ಕೈಬರಹದ ಮತ್ತು ಹಳೆ ಪುಸ್ತಕದ ಪುಟಗಳ ಬಗ್ಗೆ ಪ್ರಶ್ನೆ ಬಂತು. ಅಚ್ಚಾದ ಪುಟದ ಫೋಟೊ ತೆಗೆದು ಗೂಗಲ್ ಡ್ರೈವಿಗೆ ಹಾಕಿ, ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳನ್ನು ಗುರುತಿಸಿ ಟೈಪ್ ಆದ ರೂಪ ಕೊಡುತ್ತದೆ. ಸ್ಪಷ್ಟ ಅಚ್ಚಿದ್ದರೆ ಚೆನ್ನಾಗಿ ಬರುತ್ತದೆ, ಒತ್ತಕ್ಷರ ತಿದ್ದಬೇಕಾಗುತ್ತದೆ. ಮಾತಾಡಿದರೆ ಟೈಪ್ ಆಗುವ ಸೌಲಭ್ಯವೂ ಕನ್ನಡಕ್ಕಿದೆ. ಪುಸ್ತಕದ ಕನ್ನಡದಲ್ಲಿ ಹೇಳಿದರೆ ಸರಿ, ಒಬ್ಬರು 'ಹೊಂಟೀನಿ, ಬರಾಕತ್ತೀನಿ' ಅಂತ ನಮ್ಮ ಮಾತಿನಲ್ಲಿ ಹೇಳಿ ನೋಡಿದರು, ಅದು ಬೇರೆಯದೇ ಬರೆಯಿತು. ಧಾರವಾಡದ ಕನ್ನಡವೂ ಅದಕ್ಕೆ ತಿಳಿಯುವ ಹಾಗೆ ಆಗಬೇಕು. ನಮ್ಮ ಮಕ್ಕಳು ಮಾತಾಡೋದು ಅದನ್ನೇ.

ಎಐ ಬಗ್ಗೆ ಒಂದು ಅವಧಿ ಇತ್ತು. ಸುತ್ತೋಲೆಯ ಕರಡು, ಇಂಗ್ಲಿಷ್ ಪತ್ರದ ಅನುವಾದ, ಇವಕ್ಕೆ ಸಹಾಯ ಆಗುತ್ತದೆ, ಸರಿ. ನಾನು ನನ್ನ ವಿಷಯದಲ್ಲೇ ಪರೀಕ್ಷೆ ಮಾಡಿದೆ. ಒಂದು ಹೆಸರಾಂತ ವಚನಕಾರರ ವಚನ ಕೊಡು ಅಂದೆ. ಅಂಕಿತನಾಮ ಸಮೇತ ಕೊಟ್ಟಿತು. ಓದಲು ವಚನದ ಹಾಗೇ ಇದೆ, ಆದರೆ ಅಂಥ ವಚನವೇ ಇಲ್ಲ, ಅದೇ ಕಟ್ಟಿದ್ದು. ಪಕ್ಕದವರಿಗೆ ತೋರಿಸಿದೆ, ಅವರು ನಂಬಲು ತಯಾರಿರಲಿಲ್ಲ. ಕನ್ನಡ ಪಾಠ ಮಾಡುವವರು ಇದನ್ನು ಮಕ್ಕಳಿಗೆ ಮೊದಲೇ ಹೇಳಬೇಕು. ಅಸೈನ್‌ಮೆಂಟಿನಲ್ಲಿ ಇಲ್ಲದ ವಚನ ಬಂದು, ಅದು ಮುಂದೆ ಇನ್ನೊಬ್ಬರ ಭಾಷಣಕ್ಕೆ ಹೋದರೆ ತಿದ್ದುವವರು ಯಾರು?

ಕೊರತೆಗಳೂ ಇದ್ದವು. ಹೇಳಿಕೊಡುವವರು ಒಬ್ಬರೇ, ಲ್ಯಾಬ್ ತುಂಬ ಜನ. ಕೈಯೆತ್ತಿದವರ ಹತ್ತಿರ ಅವರು ಬರುವಷ್ಟರಲ್ಲಿ ಮುಂದಿನ ಪಾಠ ಶುರುವಾಗಿರುತ್ತಿತ್ತು. ಕೊಟ್ಟ ಕೈಪಿಡಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಕನ್ನಡ ಟೈಪಿಂಗ್ ಕಲಿಸುವ ಪುಟವೂ ಇಂಗ್ಲಿಷಿನಲ್ಲೇ. ಮಾತಿನಲ್ಲಿ ಅಷ್ಟು ಸಲೀಸಾಗಿ ಹೇಳಿದ್ದನ್ನು ಬರಹದಲ್ಲಿ ಯಾಕೆ ಕೊಡಲಾಗದು? ಅತಿಥಿ ಉಪನ್ಯಾಸಕರ ಮಾತು ಹೇಳುತ್ತೇನೆ ಅಂದಿದ್ದೆನಲ್ಲ. ನಮ್ಮ ಕಾಲೇಜುಗಳಲ್ಲಿ ಎಷ್ಟೋ ತರಗತಿಗಳು ಅವರ ಹೆಗಲ ಮೇಲಿವೆ. ಮಕ್ಕಳ ವಾಟ್ಸ್ಆ್ಯಪ್ ಗ್ರೂಪು ನಡೆಸೋದು, ಇಂಟರ್ನಲ್ ಲೆಕ್ಕ ಇಡೋದು ಹೆಚ್ಚಾಗಿ ಅವರೇ. ತರಬೇತಿಯ ಪಟ್ಟಿಯಲ್ಲಿ ಮಾತ್ರ ಅವರ ಹೆಸರಿಲ್ಲ. ನಮ್ಮ ಜೊತೆ ಬಂದವರಿಗೆ ಸರ್ ಕುರ್ಚಿ ಕೊಟ್ಟರು, ಊಟ ಕೊಟ್ಟರು, ಸರ್ಟಿಫಿಕೇಟ್ ಕೊಡಲು ಅಧಿಕಾರ ಇರಲಿಲ್ಲ. ಇದು ಬದಲಾಗಲೇಬೇಕು. ಮುಂದಿನ ಸಲ ಪತ್ರದಲ್ಲೇ ಅವರ ಹೆಸರು ಬರೆಯಿರಿ ಅಂತ ನಾನು ಅಭಿಪ್ರಾಯದ ಹಾಳೆಯಲ್ಲಿ ಬರೆದುಕೊಟ್ಟು ಬಂದಿದ್ದೇನೆ, ಪ್ರಿನ್ಸಿಪಾಲ್ ಸರ್ ಮೂಲಕವೂ ಕಳಿಸುತ್ತೇನೆ.

ಊರಿಗೆ ಬಂದಮೇಲೆ ಕೆಲಸ ನಿಲ್ಲಲಿಲ್ಲ, ನನಗೆ ಸಮಾಧಾನ ಕೊಟ್ಟದ್ದು ಇದು. ನಾನು ಒಮ್ಮೆಗೇ ಎಲ್ಲಾ ಫೈಲು ಬದಲಿಸಲು ಹೋಗಲಿಲ್ಲ. ಈ ಸೆಮಿಸ್ಟರಿನಲ್ಲಿ ಕಲಿಸುವ ಪಾಠಗಳನ್ನಷ್ಟೇ ತೆಗೆದುಕೊಂಡೆ. ಪರಿವರ್ತಿಸಿ, ಪ್ರಿಂಟಿನ ಪ್ರತಿ ಪಕ್ಕದಲ್ಲಿ ಇಟ್ಟುಕೊಂಡು ಸಾಲು ಸಾಲು ಓದಿ ತಿದ್ದಿ, ಆಮೇಲೆ ಕ್ಲಾಸ್‌ರೂಮಿಗೆ ಹಾಕಿದೆ. ಕಣ್ಣು ಕಾಣದ ನಮ್ಮ ಹುಡುಗನ ಫೋನಿಗೂ ಕಳಿಸಿದೆ. ಅವನ ಫೋನಿನಲ್ಲಿರುವ ಟಾಕ್‌ಬ್ಯಾಕ್ ಅನ್ನೋ ಸ್ಕ್ರೀನ್ ರೀಡರ್ ಓದಿತು. ಮಾರನೇ ದಿನ ಬಂದು "ಮೇಡಂ, ಎರಡನೇ ಘಟಕಾನೂ ಹಿಂಗ ಕೊಡ್ರಿ, ಯಾರನ್ನೂ ಕೇಳೂದ ಬ್ಯಾಡಾಗತೇತಿ" ಅಂದ. ಅದನ್ನು ಕೊಟ್ಟಾಗಿದೆ. ಈಗ ಇತಿಹಾಸ, ರಾಜ್ಯಶಾಸ್ತ್ರದವರ ನೋಟ್ಸನ್ನೂ ಕೇಳಿ ತಂದು ಬದಲಿಸುತ್ತಿದ್ದೇವೆ. ಅತಿಥಿ ಉಪನ್ಯಾಸಕರೇ ಇದರ ಮುಂದಾಳು. ಎಫ್‌ಡಿಎ ಮೇಡಂ ಎಸ್‌ಡಿಎಗೆ ಮೇಲ್ ಮರ್ಜ್ ಕಲಿಸಿದ್ದಾರೆ. ವರ್ಡ್, ಎಕ್ಸೆಲ್ ಥರದ ಕೆಲಸಕ್ಕೆ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಕಲಿಯಬೇಕು ಅನ್ನುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡ ಪಾಠಗಳಿವೆ, ಚಿಕ್ಕ ಚಿಕ್ಕ ವಿಡಿಯೊ, ನಿಲ್ಲಿಸಿ ನಿಲ್ಲಿಸಿ ಪಕ್ಕದಲ್ಲೇ ಮಾಡಿ ನೋಡಬಹುದು. ಸ್ಟಾಫ್ ರೂಮಿನಲ್ಲಿ ಶನಿವಾರ ಪಾಠ ಮುಗಿದ ಮೇಲೆ ಹಾಕುತ್ತೇವೆ, ಇಷ್ಟ ಇದ್ದವರು ಕೂರುತ್ತಾರೆ.

ನಿಮ್ಮ ಕಾಲೇಜಿನಲ್ಲೂ ಹಳೆ ಫೈಲು ಇದ್ದರೆ ಶುರು ಮಾಡುವ ಮುನ್ನ ಮೂಲ ಫೈಲಿನ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ, ಅದನ್ನು ಅಳಿಸಬೇಡಿ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳು, ಇಂಗ್ಲಿಷ್ ಪದಗಳು, ಇಷ್ಟನ್ನು ಮೊದಲು ನೋಡಿ. ಅದಾದ ಮೇಲೆ ನುಡಿ ಹಾಕಿಲ್ಲದ ಒಂದು ಫೋನಿಗೆ ಕಳಿಸಿ, ಯಾರಾದರೂ ವಿದ್ಯಾರ್ಥಿಯ ಕೈಯಲ್ಲಿ ಓದಿಸಿ ನೋಡಿ. ಅವರು ತಡೆಯದೆ ಓದಿದರೆ ಫೈಲು ತಯಾರಾಗಿದೆ.